ಚಿಕ್ಕಮಗಳೂರಿಗೆ ಹೋಗೋದಾ, ಇಲ್ಲೇ ಇರೋದಾ? ಒಂದಿಷ್ಟು ಹಳೇ ಲೆಕ್ಕ

ಈ ವರ್ಷ ನಮ್ಮ ಕಡೆ ಮದುವೆ ಮನೆ, ಸೊಸೈಟಿ ಕಟ್ಟೆ, ಬಸ್ ಸ್ಟ್ಯಾಂಡು ಎಲ್ಲಿ ನಿಂತರೂ ಒಂದೇ ಮಾತು. "ಚಿಕ್ಕಮಗಳೂರಲ್ಲಿ ಸೈಟು ನೋಡಿದ್ರಾ?" ಸಖರಾಯಪಟ್ಟಣದಿಂದ ಕಡೂರಿನ ತನಕ ಹತ್ತು ಮನೆಯಲ್ಲಿ ಎರಡು ಮೂರು ಮನೆಯವರಾದರೂ ಈ ಲೆಕ್ಕ ಹಾಕ್ತಾ ಇದಾರೆ.

ನಮ್ಮನೆಯಲ್ಲೂ ಅದೇ ಚರ್ಚೆ. ಮಗಳು ಪಿಯುಸಿಗೆ ಬಂದಳು. ಅಮ್ಮನಿಗೆ ತಿಂಗಳಿಗೆ ಎರಡು ಸಲ ಆಸ್ಪತ್ರೆ ಓಡಾಟ. ತಮ್ಮ ಹೇಳೋದು, ಕೆರೆ ಕೆಳಗಿನ ಒಂದೂವರೆ ಎಕರೆ ತೋಟ ಕೊಟ್ಟುಬಿಡೋಣ, ಅಲ್ಲೊಂದು 30-40 ಸೈಟು ಹಿಡಿಯೋಣ, ಉಳಿದಿದ್ದನ್ನ ಯಾರಿಗಾದರೂ ಗುತ್ತಿಗೆ ಕೊಡೋಣ ಅಂತ. ನಾನು ಹ್ಞೂಂ ಅನ್ನೋಕೆ ಮುಂಚೆ ಈ ಬೆಟ್ಟದ ಬುಡಕ್ಕೆ ನಮಗಿಂತ ಮುಂಚೆ ಯಾರ್ಯಾರು ಹೋದರು, ಯಾಕೆ ಹೋದರು, ಹೋದವರು ಏನಾದರು ಅಂತ ನೋಡಿದೆ. ನೋಡಿದ್ದನ್ನ ಇಲ್ಲಿ ಬರೀತಿದೀನಿ. ಸ್ವಲ್ಪ ಉದ್ದ ಇದೆ, ಸಂಜೆ ಪುರುಸೊತ್ತಾಗಿ ಓದಿ.

ಮೊದಲು ನಮಗೆಲ್ಲ ಗೊತ್ತಿರೋ ಕತೆ. ಸಖರಾಯಪಟ್ಟಣದ ರುಕ್ಮಾಂಗದ ರಾಜ ತನ್ನ ಇಬ್ಬರು ಹೆಣ್ಣುಮಕ್ಕಳಿಗೆ ಎರಡು ಊರು ಬಳುವಳಿ ಕೊಟ್ಟ. ಹಿರಿಯಳಿಗೆ ಕೊಟ್ಟದ್ದು ಹಿರೇಮಗಳೂರು, ಕಿರಿಯಳಿಗೆ ಕೊಟ್ಟದ್ದು ಚಿಕ್ಕಮಗಳೂರು. ಅಯ್ಯನಕೆರೆ ಕಟ್ಟಿಸಿದ್ದೂ ಅದೇ ರಾಜ ಅಂತ ನಮ್ಮ ಹಿರಿಯರು ಹೇಳ್ತಾರೆ. ಇದು ಐತಿಹ್ಯ, ಶಾಸನದ ಸಾಕ್ಷಿ ಕೇಳಬೇಡಿ. ಆದರೆ ಇವತ್ತಿನ ಸ್ಥಿತಿ ನೋಡಿ. ಅಪ್ಪನ ರಾಜಧಾನಿ ಹೋಬಳಿ ಊರಾಗಿ ಉಳೀತು. ಹಿರಿಯ ಮಗಳ ಊರು ಕಿರಿಯಳ ಊರಿನ ಒಳಗೇ ಸೇರಿಹೋಯ್ತು. ಕಿರಿ ಮಗಳ ಬಳುವಳಿ ಜಿಲ್ಲಾ ಕೇಂದ್ರ ಆಯ್ತು. ಯಾವ ಊರು ಬೆಳೆಯುತ್ತೆ ಅಂತ ಕೊಟ್ಟ ರಾಜನಿಗೂ ಗೊತ್ತಿರಲಿಲ್ಲ.

ಹೊಯ್ಸಳರದ್ದು ಇನ್ನೊಂದು ಥರ. ಅವರ ಮೂಲ ಮೂಡಿಗೆರೆ ತಾಲ್ಲೂಕಿನ ಅಂಗಡಿ, ಅಂದರೆ ಹಳೇ ಸೊಸೆವೂರು. ಅವರು ಬೆಟ್ಟದಿಂದ ಕೆಳಗಿಳಿದವರು. ಬೇಲೂರಿಗೆ ಬಂದರು, ದೋರಸಮುದ್ರಕ್ಕೆ ಬಂದರು, ದೊಡ್ಡವರಾದರು. 1311ರಲ್ಲಿ ಮಲಿಕ್ ಕಾಫರನ ದಂಡು ಬಂದ ಮೇಲೆ ಆ ರಾಜಧಾನಿ ಮೊದಲಿನಂತೆ ಆಗಲೇ ಇಲ್ಲ. ಹಳೇಬೀಡು ಅನ್ನೋ ಹೆಸರೇ ಹೇಳುತ್ತಲ್ಲ, ಬಿಟ್ಟು ಹೋದ ಬೀಡು.

ಈಗ ನಮಗೆ ಹತ್ತಿರದ ಕಾಲಕ್ಕೆ ಬರೋಣ. ಬಾಬಾಬುಡನ್ ಏಳು ಕಾಫಿ ಬೀಜ ತಂದದ್ದು 17ನೇ ಶತಮಾನದಲ್ಲಿ ಅನ್ನೋದು ವಾಡಿಕೆ. ಆಮೇಲೆ ನೂರೈವತ್ತು ವರ್ಷ ಅದು ಹಿತ್ತಲ ಗಿಡದ ಹಾಗೇ ಇತ್ತು. 1840ರ ಸುಮಾರಿಗೆ ಕ್ಯಾನನ್ ಅನ್ನೋ ಯುರೋಪಿಯನ್ ಬಾಬಾಬುಡನ್‌ಗಿರಿಯ ದಕ್ಷಿಣದ ಸಾಲಲ್ಲಿ ದೊಡ್ಡದಾಗಿ ತೋಟ ಮಾಡಿದ. ಅವನ ಹಿಂದೆ ಬೇರೆ ದೊರೆಗಳು ಬಂದರು. ತೋಟ ಬಂದ ಮೇಲೆ ಹಣ ಬಂತು, ಹಣದ ಹಿಂದೆ ಕಚೇರಿ ಬಂತು.

ಇದು ಕಡೂರಿನವರು ನೆನಪಿಡಬೇಕಾದ ಸಂಗತಿ. ನಮ್ಮ ಜಿಲ್ಲೆಯ ಹೆಸರು ಮೊದಲು ಕಡೂರು ಜಿಲ್ಲೆ. ಕಚೇರಿ ಇದ್ದದ್ದೂ ಕಡೂರಲ್ಲೇ. ಬ್ರಿಟಿಷ್ ಕಮಿಷನರ್‌ಗಳು ಮೈಸೂರನ್ನ ಆಳ್ತಿದ್ದಾಗ, 1860ರ ದಶಕದಲ್ಲಿ, ಕಚೇರಿಯನ್ನ ಚಿಕ್ಕಮಗಳೂರಿಗೆ ಎತ್ತಿಕೊಂಡು ಹೋದರು. ಕಚೇರಿ ಹೋದ ಮೇಲೆ ವಕೀಲರು, ಅರ್ಜಿ ಬರೆಯೋರು, ವ್ಯಾಪಾರಸ್ಥರು ಎಲ್ಲ ಹಿಂದೆಯೇ ಹೋದರು. 1880ರ ದಶಕದ ಕೊನೆಗೆ ಬೆಂಗಳೂರಿಂದ ಹರಿಹರಕ್ಕೆ ಹೋಗೋ ರೈಲು ನಮ್ಮ ಕಡೂರು, ಬೀರೂರಿನ ಮೇಲೇ ಬಂತು. ಆದರೂ ಬೆಳವಣಿಗೆ ಬೆಟ್ಟದ ಬುಡದಲ್ಲೇ ನಿಂತಿತು. ಚಿಕ್ಕಮಗಳೂರಿಗೆ ರೈಲು ಬಂದದ್ದು 2013ರಲ್ಲಿ. ನೂರಿಪ್ಪತ್ತು ವರ್ಷಕ್ಕಿಂತ ಹೆಚ್ಚು ಕಾಲ ರೈಲಿಲ್ಲದೆ ಆ ಊರು ಬೆಳೆದಿದೆ. 1947ರಲ್ಲಿ ಜಿಲ್ಲೆಯ ಹೆಸರೂ ಬದಲಾಯ್ತು. ಕಚೇರಿ ಆಮೇಲೆ ಹೆಸರು, ಎರಡೂ ಕಡೂರಿನ ಕೈಯಿಂದ ಹೋದವು. ಕಡೂರಿನ ರೈತನನ್ನ ಕೇಳಿ ಮಾಡಿದ ಕೆಲಸ ಎರಡೂ ಅಲ್ಲ.

ಹಾಗಂತ ಆಗ ನಮ್ಮ ಬಯಲುಸೀಮೆ ಜನ ಬೆಟ್ಟದ ಕಡೆಗೆ ಓಡಿಹೋದರಾ? ಇಲ್ಲ, ಹೆದರ್ತಿದ್ದರು. ಮಲೆನಾಡು ಜ್ವರ ಅಂದರೆ ಸಾವು. ಚಿಕ್ಕಮಗಳೂರು ಪಟ್ಟಣ ಅಂಚಲ್ಲಿದೆ, ಅದನ್ನ ದಾಟಿ ಕೊಪ್ಪ, ಮೂಡಿಗೆರೆ ಕಡೆ ಹೋದರೆ ಮಲೇರಿಯ. 20ನೇ ಶತಮಾನದ ಮೊದಲರ್ಧದ ಜನಗಣತಿಗಳಲ್ಲಿ ಮೈಸೂರಿನ ಮಲೆನಾಡು ತಾಲ್ಲೂಕುಗಳ ಜನ ಹೆಚ್ಚೋ ಬದಲು ಕಡಿಮೆ ಆಗ್ತಾ ಬಂದರು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಮಲೆನಾಡು ಸುಧಾರಣೆಗೆ ಅಂತಲೇ ಬೇರೆ ಯೋಜನೆ ಮಾಡಬೇಕಾಯ್ತು. 1920ರ ದಶಕದ ಕೊನೆಗೆ ರಾಕ್‌ಫೆಲ್ಲರ್ ಫೌಂಡೇಶನ್ ನೆರವಿಂದ ಮೂಡಿಗೆರೆಯಲ್ಲಿ ಮಲೇರಿಯ ಅಧ್ಯಯನ ಶುರುವಾಯ್ತು. ಸ್ವಾತಂತ್ರ್ಯ ಬಂದ ಮೇಲೆ ಮನೆ ಮನೆಗೆ ಡಿಡಿಟಿ ಹೊಡೆದರು. 1953ರಲ್ಲಿ ದೇಶಕ್ಕೇ ಮಲೇರಿಯ ನಿಯಂತ್ರಣ ಕಾರ್ಯಕ್ರಮ ಬಂತು. ಆಮೇಲೇ ಜನ ಧೈರ್ಯವಾಗಿ ಅಲ್ಲಿ ಬೇರು ಬಿಟ್ಟದ್ದು.

ಆ ಜ್ವರದ ಕಾಲದಲ್ಲೂ ತೋಟಕ್ಕೆ ಆಳು ಬರ್ತಿದ್ದರು. ಘಟ್ಟದ ಕೆಳಗಿನ ದಕ್ಷಿಣ ಕನ್ನಡದಿಂದ ಮೇಸ್ತ್ರಿಯ ಹತ್ತಿರ ಮುಂಗಡ ತಗೊಂಡು, ಮಳೆ ನಿಂತ ಮೇಲೆ ಹತ್ತಿ ಬಂದು, ಹಣ್ಣು ಕೊಯ್ದು, ಮುಂದಿನ ಮಳೆ ಹಿಡಿಯೋಕೆ ಮುಂಚೆ ಇಳಿದು ಹೋಗೋರು. ಅವರಲ್ಲಿ ಬಹಳ ಜನ ಊರಲ್ಲಿ ಗೇಣಿ ಗದ್ದೆ, ಗುಡಿಸಲು ಏನಾದರೊಂದು ಉಳಿಸಿಕೊಂಡೇ ಬರ್ತಿದ್ದರು. ಬೆಟ್ಟದ ಕೂಲಿ ಬೇಕಿತ್ತು, ಬೆಟ್ಟದ ಮಳೆಗಾಲ ಬೇಡವಾಗಿತ್ತು. ಈ ಸಂಗತಿ ಓದಿದ ಮೇಲೆ ನಮ್ಮನೆ ಚರ್ಚೆಯನ್ನ ನಾನು ನೋಡೋ ರೀತಿ ಸ್ವಲ್ಪ ಬದಲಾಯ್ತು.

ಕಾಫಿಯೂ ಒಂದೇ ಸಮ ನಡೆದಿಲ್ಲ. 1860ರ ದಶಕದಲ್ಲಿ ಕಾಂಡಕೊರಕ, ನಮ್ಮ ತೋಟದವರು ಬೋರರ್ ಅಂತಾರಲ್ಲ ಅದು, ತೋಟಗಳನ್ನ ತಿಂದುಹಾಕ್ತು. 1870ರ ಆಸುಪಾಸಿಗೆ ಎಲೆ ತುಕ್ಕು ರೋಗ ಬಂತು. ಸಿಲೋನಿನವರು ಅದರಿಂದ ಕಾಫಿ ಕೈಬಿಟ್ಟು ಟೀಗೆ ಹೋದರು. ನಮ್ಮ ಕಡೆ ನೆರಳಿನ ಮರದ ಕೆಳಗೆ ಬೆಳೆದು, ತಳಿ ಬದಲಾಯಿಸಿ ಉಳಿಸಿಕೊಂಡರು. ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರ 1925ರಲ್ಲಿ ಶುರುವಾದದ್ದು ಇಂಥ ಕಷ್ಟದಿಂದಲೇ. 1942ರ ಕಾಫಿ ಕಾಯ್ದೆ ಬಂದ ಮೇಲೆ ಬೆಳೆಗಾರರು ಕಾಫಿಯನ್ನ ಮಂಡಳಿಯ ಪೂಲ್‌ಗೇ ಕೊಡಬೇಕಿತ್ತು. 1989ರಲ್ಲಿ ಅಂತಾರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ಮುರಿದುಬಿತ್ತು, 90ರ ದಶಕದಲ್ಲಿ ಪೂಲ್ ಮುಗೀತು, 2000 ಕಳೆದ ಮೇಲೆ ರೇಟು ನೆಲ ಕಚ್ಚಿತು. ಈಚೆಗೆ ರೇಟು ಆಕಾಶಕ್ಕೆ ಹೋಯ್ತು. ಚಿಕ್ಕಮಗಳೂರಿನ ಅಂಗಡಿ, ಕಟ್ಟಡ, ಸೈಟಿನ ರೇಟು ಎಲ್ಲ ಇದರ ಜೊತೆ ಕುಣಿಯುತ್ತೆ. ರೇಟು ತೀರ್ಮಾನ ಆಗೋದು ಲಂಡನ್, ನ್ಯೂಯಾರ್ಕ್ ಪೇಟೆಯಲ್ಲಿ, ಬ್ರೆಜಿಲ್ಲಿನ ಮಂಜು ಮತ್ತು ಬರದ ಮೇಲೆ.

ಇನ್ನು ಕುದುರೆಮುಖ. ತಮ್ಮನಿಗೆ ನಾನು ಹೇಳಿದ್ದು ಈ ಕತೆಯನ್ನೇ. ಇದೇ ಜಿಲ್ಲೆ, ಇದೇ ಘಟ್ಟ. ಅಲ್ಲಿ ಕಬ್ಬಿಣದ ಅದಿರು ಇದೆ ಅಂತ ಭೂವಿಜ್ಞಾನಿ ಸಂಪತ್ ಅಯ್ಯಂಗಾರ್ 1913ರಲ್ಲೇ ಗುರುತಿಸಿದ್ದರು. 1976ರಲ್ಲಿ ಕೇಂದ್ರ ಸರ್ಕಾರ ಕಂಪನಿ ಮಾಡ್ತು. ಇರಾನ್ ದೇಶ 63 ಕೋಟಿ ಡಾಲರ್ ಸಾಲ ಕೊಡ್ತೀನಿ, ಅದಿರೂ ನಾನೇ ತಗೋತೀನಿ ಅಂತ ಒಪ್ಪಿತ್ತು. ಕಾಡಿನ ನಡುವೆ ಒಂದು ಪಟ್ಟಣವೇ ಎದ್ದಿತು. ಕ್ವಾರ್ಟರ್ಸ್, ಶಾಲೆ, ಆಸ್ಪತ್ರೆ, ಒಳ್ಳೇ ರಸ್ತೆ. ಅದಿರನ್ನ ಪುಡಿ ಮಾಡಿ ನೀರಲ್ಲಿ ಕಲಸಿ 67 ಕಿಲೋಮೀಟರ್ ಪೈಪಲ್ಲಿ ಮಂಗಳೂರಿಗೆ ಇಳಿಸ್ತಿದ್ದರು. ಕೆಲಸ ಸಿಕ್ಕಿದವರನ್ನ ಕಂಡರೆ ಬೇರೆಯವರಿಗೆ ಹೊಟ್ಟೆಕಿಚ್ಚು.

1979ರಲ್ಲಿ ಇರಾನಿನಲ್ಲಿ ಕ್ರಾಂತಿ ಆಯ್ತು. ಅದಿರು ಕೊಳ್ಳೋ ಮಾತು ಅಲ್ಲಿಗೇ ನಿಂತಿತು. ಬೇರೆ ಗಿರಾಕಿ ಹುಡುಕಿ ಕಂಪನಿ ಉಳೀತು. 1987ರಲ್ಲಿ ಸುತ್ತಲ ಕಾಡು ರಾಷ್ಟ್ರೀಯ ಉದ್ಯಾನ ಆಯ್ತು. ಗಣಿಯ ಹೂಳು ಭದ್ರಾ ನದಿಗೆ ಬರ್ತಿದೆ ಅಂತ ಪರಿಸರದವರ ಜೊತೆ ಕೆಳಗಿನ ರೈತರೂ ದನಿ ಎತ್ತಿದರು. ಅದರಲ್ಲಿ ನ್ಯಾಯ ಇತ್ತು, ಆ ನದಿ ನೀರೇ ಅವರ ಗದ್ದೆ. 2002ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂತು. 2005ರ ಕೊನೆಗೆ ಗಣಿ ನಿಂತಿತು. ಮೂವತ್ತು ವರ್ಷದಲ್ಲಿ ಒಂದು ಪಟ್ಟಣ ಹುಟ್ಟಿ, ಬೆಳೆದು, ಖಾಲಿಯಾಯ್ತು. ಈಗ ಹೋಗಿ ನೋಡಿ, ಸಾಲು ಸಾಲು ಮನೆ ಪಾಚಿ ಹಿಡಿದು ನಿಂತಿವೆ. ಅಲ್ಲಿ ಹುಟ್ಟಿ ಬೆಳೆದ ಮಕ್ಕಳಿಗೆ ಇದು ನಮ್ಮೂರು ಅಂತ ತೋರಿಸೋಕೆ ಸ್ವಂತ ಜಾಗ ಇಲ್ಲ, ಮನೆಗಳೆಲ್ಲ ಕಂಪನಿಯವು.

ಚಿಕ್ಕಮಗಳೂರು ಹಾಗಾಗುತ್ತೆ ಅಂತ ನಾನು ಹೇಳ್ತಿಲ್ಲ. ಅದು ಒಂದೇ ಕಾಲಿನ ಮೇಲೆ ನಿಂತ ಊರಲ್ಲ. ಕಚೇರಿ ಇದೆ, ಕಾಫಿ ಇದೆ, ಕಾಲೇಜುಗಳಿವೆ, ಈಗ ಸರ್ಕಾರಿ ಮೆಡಿಕಲ್ ಕಾಲೇಜೂ ಇದೆ. ಮುಳ್ಳಯ್ಯನಗಿರಿ ನೋಡೋಕೆ ಬರೋ ಪ್ರವಾಸಿಗರು ಇದಾರೆ. ಲೆಕ್ಕವೂ ಅದನ್ನೇ ಹೇಳುತ್ತೆ. 1901ರಲ್ಲಿ ಆ ಪಟ್ಟಣದಲ್ಲಿ ಹತ್ತು ಸಾವಿರ ಜನವೂ ಇರಲಿಲ್ಲ. 2011ರ ಹೊತ್ತಿಗೆ 1,18,401. ಅದೇ ಹತ್ತು ವರ್ಷದಲ್ಲಿ ಜಿಲ್ಲೆಯ ಒಟ್ಟು ಜನಸಂಖ್ಯೆ 11,40,905ರಿಂದ 11,37,961ಕ್ಕೆ ಇಳೀತು. ಅಂದರೆ ಪಟ್ಟಣ ಬೆಳೀತು, ಜಿಲ್ಲೆ ಕುಗ್ಗಿತು. ನಮ್ಮ ಹಳ್ಳಿಗಳ ಬೀಗ ಹಾಕಿದ ಮನೆಗಳು ಈ ಲೆಕ್ಕದಲ್ಲಿ ಕಾಣ್ತವೆ. ಹೋದವರೆಲ್ಲ ಚಿಕ್ಕಮಗಳೂರಲ್ಲೂ ನಿಂತಿಲ್ಲ, ಬಹಳ ಜನ ಬೆಂಗಳೂರು ಸೇರಿದಾರೆ.

ನೀರಿನ ಮಾತು ಬಿಟ್ಟರೆ ರೈತ ಬರೆದದ್ದು ಅನ್ನೋಕಾಗಲ್ಲ. ಯಗಚಿ ಬಾಬಾಬುಡನ್ ಸಾಲಲ್ಲಿ ಹುಟ್ಟಿ ಬೇಲೂರಿಗೆ ಇಳಿಯುತ್ತೆ. ಬೇಲೂರಲ್ಲಿ ಕಟ್ಟೆ ಕಟ್ಟಿ ನಿಲ್ಲಿಸಿದ ನೀರನ್ನ ಪಂಪ್ ಮಾಡಿ ಮತ್ತೆ ಚಿಕ್ಕಮಗಳೂರಿಗೆ ಹತ್ತಿಸ್ತಾರೆ. ಹಿರೇಕೊಳಲೆ ಕೆರೆ ನೀರೂ ಅದೇ ಪಟ್ಟಣಕ್ಕೆ. ಬೆಟ್ಟದ ಈ ಮಗ್ಗುಲಲ್ಲಿ ವೇದಾ ಅಯ್ಯನಕೆರೆಗೆ ಬಂದು, ಆಮೇಲೆ ಆವತಿಯನ್ನ ಸೇರಿ ವೇದಾವತಿಯಾಗಿ ಹಿರಿಯೂರಿನ ಮಾರಿಕಣಿವೆಗೆ ಹೋಗುತ್ತೆ. ಬೆಟ್ಟದ ಬುಡದಲ್ಲಿದ್ದೂ ಪಟ್ಟಣ ನೀರಿಗೆ ಪಂಪು ನಂಬಿದೆ. ಮಳೆ 600 ಮಿಲಿಮೀಟರ್ ಬೀಳೋ ನಮ್ಮಲ್ಲಿ ಅಯ್ಯನಕೆರೆ ತುಂಬಿದರೆ ತೂಬಿನ ನೀರು ತಾನಾಗೇ ತೋಟಕ್ಕೆ ಬರುತ್ತೆ. ಕೆರೆ ಕೆಳಗಿನ ಒಂದೂವರೆ ಎಕರೆ ಅಂದರೆ ಬರೀ ಗುಂಟೆ ಲೆಕ್ಕ ಅಲ್ಲ, ನೂರಾರು ವರ್ಷದ ನೀರಿನ ಪಾಲು. ಅದನ್ನ ಒಂದು ಸಲ ಕ್ರಯಕ್ಕೆ ಬರೆದುಕೊಟ್ಟರೆ ಮತ್ತೆ ಯಾವ ಸೈಟಿನ ದುಡ್ಡಿಗೂ ಸಿಗಲ್ಲ.

ಇದನ್ನೆಲ್ಲ ಓದಿ ನನಗೆ ಅರ್ಥ ಆಗಿದ್ದು ಇಷ್ಟು. ಊರು ಬೆಳೆಯೋದು ಒಂದು ಕಾರಣಕ್ಕೆ, ಆ ಕಾರಣ ತೀರ್ಮಾನ ಆಗೋದು ಬೇರೆ ಎಲ್ಲೋ. ಕಡೂರಿನ ಕಚೇರಿ ಹೋದದ್ದು ಕಮಿಷನರ್ ಮಾತಿಗೆ. ಕುದುರೆಮುಖ ಎದ್ದದ್ದು ಟೆಹರಾನಿನ ಹಣದ ಮಾತಿಗೆ, ಖಾಲಿಯಾದದ್ದು ದಿಲ್ಲಿಯ ಕೋರ್ಟಿನ ಮಾತಿಗೆ. ನಾವು ಅದನ್ನ ತಡೆಯೋಕಾಗಲ್ಲ. ನಮ್ಮ ಕೈಲಿ ಇರೋದು, ಹೋಗುವಾಗ ವಾಪಸ್ ಬರೋ ದಾರಿಯನ್ನ ಮಾರಿಕೊಳ್ಳದೆ ಹೋಗೋದು. ಮೇಸ್ತ್ರಿ ಹಿಂದೆ ಘಟ್ಟ ಹತ್ತಿದ ಕೂಲಿಯವರಿಗೂ ಆ ಬುದ್ಧಿ ಇತ್ತು.

ಹಾಗಂತ ಹೋಗೋದೇ ತಪ್ಪು ಅಂತ ಯಾರೂ ತಿಳಿಯಬೇಡಿ. ಜ್ವರದ ಕಾಲದಲ್ಲಿ ಮಲೆನಾಡು ಬಿಟ್ಟು ಬಂದವರು ಬದುಕಿಕೊಂಡರು, ಹಟ ಹಿಡಿದು ಕೂತ ಎಷ್ಟೋ ಮನೆತನ ಉಳಿಯಲಿಲ್ಲ. ಬೋರ್ ಬತ್ತಿ, ಸಾವಿರ ಅಡಿ ಕೊರೆಸಿ, ಸಾಲದಲ್ಲಿ ಕೂತಿರೋ ಅಣ್ಣತಮ್ಮಂದಿರು ನಮ್ಮಲ್ಲೇ ಇದಾರೆ. ಅವರಿಗೆ ನೆಲ ಬಿಡಬೇಡಿ ಅನ್ನೋಕೆ ನನಗೆ ಬಾಯಿಲ್ಲ. ಮಕ್ಕಳ ಓದು, ವಯಸ್ಸಾದವರ ಆಸ್ಪತ್ರೆ, ಎರಡೂ ನಿಜವಾದ ಕಾರಣಗಳೇ.

ನಮ್ಮನೆಯಲ್ಲಿ ಸದ್ಯಕ್ಕೆ ಆಗಿರೋ ತೀರ್ಮಾನ ಹೇಳ್ತೀನಿ. ಎರಡು ವರ್ಷಕ್ಕೆ ಚಿಕ್ಕಮಗಳೂರಲ್ಲಿ ಬಾಡಿಗೆ ಮನೆ. ಮಗಳು, ಅಮ್ಮ, ನನ್ನ ಹೆಂಡತಿ ಅಲ್ಲಿರ್ತಾರೆ. ನಾನು ವಾರಕ್ಕೆ ಎರಡು ಸಲ ಹೋಗಿ ಬರ್ತೀನಿ, ಗಂಟೆಯೊಳಗಿನ ದಾರಿ. ಕೆರೆ ಕೆಳಗಿನ ತೋಟ ಮಾರಲ್ಲ. ತಮ್ಮ ಪೂರ್ತಿ ಒಪ್ಪಿಲ್ಲ. ಎರಡು ವರ್ಷದಲ್ಲಿ ಸೈಟಿನ ರೇಟು ಇನ್ನೂ ಏರುತ್ತೆ ಅಂತಾನೆ, ಅವನ ಮಾತು ಸುಳ್ಳಾಗುತ್ತೆ ಅಂತ ನಾನೇನೂ ಬರೆದುಕೊಡಲ್ಲ. ಪ್ರತಿ ತಿಂಗಳ ಬಾಡಿಗೆ ಹೊಂದಿಸೋದೂ ನಮಗೆ ಸುಲಭ ಅಲ್ಲ. ಆದರೆ ರೇಟು ಏರಿದರೆ ಸೈಟು ಚಿಕ್ಕದು ತಗೋಬಹುದು. ತೂಬಿನ ನೀರು ಬರೋ ತೋಟ ಇನ್ನೊಂದು ಹುಟ್ಟಲ್ಲ.

ನೀವೂ ಇದೇ ಲೆಕ್ಕದಲ್ಲಿದ್ದರೆ ಸೈಟು ತೋರಿಸೋಕೆ ಬರೋ ಬ್ರೋಕರ್ ಜೊತೆ ಹೋಗೋ ಮುಂಚೆ ಮನೆಯ ಅಜ್ಜ ಅಜ್ಜಿಯನ್ನ ಕೂರಿಸಿ ಕೇಳಿ. ನಮ್ಮ ಮನೆತನ ಈ ಊರಿಗೆ ಎಲ್ಲಿಂದ ಬಂತು, ಯಾಕೆ ಬಂತು, ಅಲ್ಲಿ ಏನು ಬಿಟ್ಟು ಬಂತು ಅಂತ. ನಮ್ಮಲ್ಲಿ ಬಹಳ ಮನೆಯವರು ಒಂದಲ್ಲ ಒಂದು ಕಾಲಕ್ಕೆ ಎಲ್ಲಿಂದಲೋ ಎದ್ದು ಬಂದವರೇ. ಅವರು ಹೇಳಿದ್ದನ್ನ ನನಗೂ ತಿಳಿಸಿ, ಮುಂದಿನ ಸಲ ಅದನ್ನೇ ಬರೆಯೋಣ.