ಶಾಲೆ ಕೈಬಿಟ್ಟ ಮೋಡಿ

ಪುಣೆಯ ಪೇಶ್ವೆ ದಫ್ತರದಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ರುಮಾಲುಗಳಿವೆ. ಇಲ್ಲಿ ರುಮಾಲೆಂದರೆ ತಲೆಗೆ ಸುತ್ತುವ ಬಟ್ಟೆಯಲ್ಲ, ಕಾಗದಪತ್ರಗಳನ್ನು ಬಟ್ಟೆಯಲ್ಲಿ ಕಟ್ಟಿಟ್ಟ ಗಂಟು. ಜಮೀನಿನ ಲೆಕ್ಕ, ಇನಾಮಿನ ಕಾಗದ, ದಂಡಿನ ಖರ್ಚು, ದೂತರ ಪತ್ರ ಎಲ್ಲವೂ ಇವುಗಳಲ್ಲಿವೆ. ಭಾಷೆ ಬಹುಪಾಲು ಮರಾಠಿಯೇ. ಆದರೂ ಪುಣೆಯಲ್ಲೇ ಹುಟ್ಟಿ ಮರಾಠಿ ಶಾಲೆಯಲ್ಲೇ ಓದಿ ಪದವಿ ಪಡೆದ ಒಬ್ಬರು ಇಂದು ಒಂದು ಗಂಟು ಬಿಚ್ಚಿ ಕೂತರೆ ಒಂದು ಸಾಲನ್ನೂ ಓದಲಾರರು. ಬರಹ ಮೋಡಿ ಲಿಪಿಯಲ್ಲಿದೆ, ಮೋಡಿಯನ್ನು ಶಾಲೆಗಳು ಕೈಬಿಟ್ಟು ಎರಡು ಮೂರು ತಲೆಮಾರು ಕಳೆದಿವೆ.

ಮಕ್ಕಳಿಗೆ ಕರ್ಸಿವ್ ಬರಹ ಇನ್ನೂ ಕಲಿಸಬೇಕೇ ಎಂಬ ಚರ್ಚೆ ಈಗ ಹಲವು ದೇಶಗಳಲ್ಲಿ ನಡೆಯುತ್ತಿದೆ. ಅಮೆರಿಕದಲ್ಲಿ 2010ರ ಕಾಮನ್ ಕೋರ್ ಪಠ್ಯಮಟ್ಟ ಅದನ್ನು ಕೈಬಿಟ್ಟಿತು, 2023ರಲ್ಲಿ ಕ್ಯಾಲಿಫೋರ್ನಿಯಾ ಕಾನೂನು ಮಾಡಿ ಮತ್ತೆ ತಂದಿತು. ನಮ್ಮಲ್ಲಿ ಇಂಗ್ಲಿಷ್ ಮಾಧ್ಯಮದ ಶಾಲೆಗಳು ನಾಲ್ಕು ಗೆರೆಯ ಪುಸ್ತಕದಲ್ಲಿ ಅದನ್ನು ಬರೆಸುತ್ತಲೇ ಇವೆ, ಮಗುವಿನ ಅಕ್ಷರ ಸುಂದರವಾಗಲಿ ಎಂದು ತಂದೆತಾಯಂದಿರು ಬೇಸಿಗೆ ರಜೆಯಲ್ಲೂ ತರಗತಿಗೆ ಹಾಕುತ್ತಾರೆ. ವಾದವೆಲ್ಲ ಬೆರಳಿನ ಪಳಗು, ಏಕಾಗ್ರತೆ, ವೇಗ, ಅಂದಗಳ ಸುತ್ತ ಸುತ್ತುತ್ತದೆ. ಪುಣೆಯ ಇತಿಹಾಸ ಇದೇ ಪ್ರಶ್ನೆಯನ್ನು ಬೇರೆ ಕಡೆಯಿಂದ ಕೇಳುತ್ತದೆ: ಕೂಡಿಸಿ ಬರೆಯುವ ಒಂದು ಬರಹವನ್ನು ಶಾಲೆ ಬಿಟ್ಟರೆ, ಆಮೇಲೆ ಅದನ್ನು ಓದುವವರು ಯಾರು?

ಮೋಡಿ ಎಂಬುದು ಮುರಿ, ಬಾಗಿಸು ಎಂಬ ಅರ್ಥದ ಮರಾಠಿ ಧಾತುವಿನಿಂದ ಬಂದ ಹೆಸರು ಎನ್ನುವುದು ವಾಡಿಕೆ. ದೇವಗಿರಿಯ ಯಾದವರ ಮಂತ್ರಿ ಹೇಮಾದ್ರಿ ಇದನ್ನು ಬಳಕೆಗೆ ತಂದನೆಂಬ ಐತಿಹ್ಯವೂ ಇದೆ. ಅದರ ಜೊತೆಗಿದ್ದ ಇನ್ನೊಂದು ಬರಹ ಬಾಳಬೋಧ, ಅಂದರೆ ಇಂದು ಮರಾಠಿ ಬರೆಯುವ ದೇವನಾಗರಿ. ಮಕ್ಕಳಿಗೂ ಅರ್ಥವಾಗುವಂಥದ್ದು ಎಂಬುದು ಆ ಹೆಸರಿನ ಅರ್ಥ. ಗ್ರಂಥಗಳಿಗೆ ಬಾಳಬೋಧ, ವ್ಯವಹಾರಕ್ಕೆ ಮೋಡಿ ಎಂಬ ಹಂಚಿಕೆ ಶತಮಾನಗಳ ಕಾಲ ನಡೆಯಿತು.

ಮೋಡಿ ಬರೆಯುವವನು ಮೊದಲು ಹಾಳೆಯ ಈ ಅಂಚಿನಿಂದ ಆ ಅಂಚಿನವರೆಗೆ ತಲೆಗೆರೆ ಎಳೆದುಕೊಳ್ಳುತ್ತಾನೆ. ಆಮೇಲೆ ಜೊಂಡಿನ ಲೇಖನಿಯನ್ನು ಆದಷ್ಟು ಕಡಿಮೆ ಎತ್ತುತ್ತ ಅಕ್ಷರಗಳನ್ನು ಆ ಗೆರೆಗೆ ತೂಗುಹಾಕುತ್ತ ಹೋಗುತ್ತಾನೆ. ಪದಗಳ ನಡುವೆ ಜಾಗವಿಲ್ಲ, ವಾಕ್ಯ ಮುಗಿಯಿತೆಂಬ ಗುರುತಿಲ್ಲ. ಇ ಮತ್ತು ಈ, ಉ ಮತ್ತು ಊ ಬೇರೆ ಬೇರೆ ಎಂದು ತೋರಿಸುವ ಪದ್ಧತಿಯೂ ಇಲ್ಲ. ಕನ್ನಡವನ್ನು ಹೀಗೆ ಬರೆದರೆ ಕುಡಿ, ಕೂಡಿ ಎಂಬ ಎರಡು ಮಾತು ಒಂದೇ ಆಗಿ ಕಾಣುತ್ತವೆ, ಯಾವುದೆಂದು ಸಂದರ್ಭವೇ ಹೇಳಬೇಕು. ಆದ್ದರಿಂದ ಅಕ್ಷರಮಾಲೆಯೊಂದನ್ನೇ ಕಲಿತವರಿಗೆ ಮೋಡಿ ಒಲಿಯುವುದಿಲ್ಲ. ಲೆಕ್ಕದ ಮಾತು, ಕಾಯಿದೆಯ ಮಾತು, ಪತ್ರದ ಒಕ್ಕಣೆ ಗೊತ್ತಿದ್ದವರಿಗೆ ಅದು ಸರಾಗ, ಉಳಿದವರಿಗೆ ಗೋಜಲು.

ಬ್ರಿಟಿಷರು ಬರುವ ಮೊದಲು ಪುಣೆ ಸೀಮೆಯ ಹುಡುಗರು ಇದನ್ನು ಕಲಿಯುತ್ತಿದ್ದುದು ಪಂತೋಜಿಗಳ ಬಳಿ. ಪಂತೋಜಿ ಎಂಬ ಮಾತು ಕನ್ನಡಕ್ಕೂ ಬಂದಿದೆ, ನಮ್ಮ ಕೂಲಿಮಠಗಳಿಗೂ ಆ ಶಾಲೆಗಳಿಗೂ ಹೋಲಿಕೆ ಬಹಳ. ಧೂಳು ಹರಡಿದ ಹಲಗೆಯ ಮೇಲೆ ಅಕ್ಷರ ತಿದ್ದುವುದು, ಮಗ್ಗಿ ಬಾಯಿಪಾಠ, ಬಾಯಿಲೆಕ್ಕ, ಕೊನೆಗೆ ಮೋಡಿಯ ಪತ್ರ ಓದಿ ಬರೆಯುವ ಅಭ್ಯಾಸ. ಅಚ್ಚಿನ ಪುಸ್ತಕ ಇರಲಿಲ್ಲ, ಸರ್ಕಾರದ ಪಠ್ಯಕ್ರಮವೂ ಇರಲಿಲ್ಲ. ಪಂತೋಜಿಗೆ ಹಣವನ್ನೋ ಕಾಳನ್ನೋ ಕೊಡುತ್ತಿದ್ದವರು ಮಕ್ಕಳ ತಂದೆಯರು, ಏನು ಕಲಿಸಬೇಕೆಂಬುದು ತೀರ್ಮಾನವಾಗುತ್ತಿದ್ದುದೂ ಅವರ ಅಗತ್ಯದ ಮೇಲೆ. ಕುಲಕರ್ಣಿಯ ಮಗನಿಗೆ ಗ್ರಾಮಲೆಕ್ಕ ಬೇಕು, ಸಾಹುಕಾರನ ಮಗನಿಗೆ ಕಿರ್ದಿ ಖಾತೆ ಬೇಕು. ರೈತನ ಮಗ ಆ ಹಲಗೆಯ ಮುಂದೆ ಕೂತದ್ದು ಅಪರೂಪ.

ಆ ಅಪರೂಪದ ಬೆಲೆ 1875ರಲ್ಲಿ ಬೀದಿಗೆ ಬಂತು. ಆ ವರ್ಷದ ಮೇ 12ರಂದು ಪುಣೆ ಜಿಲ್ಲೆಯ ಸುಪೆ ಎಂಬ ಊರಿನ ಸಂತೆಯಲ್ಲಿ ರೈತರು ಸಾಹುಕಾರರ ಮನೆ, ಅಂಗಡಿಗಳ ಮೇಲೆ ಬಿದ್ದರು. ಗಲಭೆ ಅಹಮದ್‌ನಗರದ ಹಳ್ಳಿಗಳಿಗೂ ಹರಡಿತು. ತನಿಖೆ ಮಾಡಿದ ಆಯೋಗಕ್ಕೆ ಕಂಡ ಮುಖ್ಯ ಸಂಗತಿಯೆಂದರೆ, ಜನ ಹುಡುಕಿದ್ದು ಸಾಲಪತ್ರಗಳನ್ನು. ಸಾಹುಕಾರ ಕಾಗದಗಳನ್ನು ಒಪ್ಪಿಸಿದ ಕಡೆ ಅವನ ಮೈಮುಟ್ಟದೆ ಬಿಟ್ಟರು, ಕಾಗದಗಳನ್ನು ರಾಶಿ ಹಾಕಿ ಸುಟ್ಟರು. ಸಾಲದ ಭಾರ, ಹತ್ತಿಯ ಬೆಲೆ ಕುಸಿದದ್ದು, ಏರಿದ ಕಂದಾಯ ಎಲ್ಲವೂ ಇದರ ಹಿಂದಿದ್ದವು. ಆದರೆ ಸುಟ್ಟ ಕಾಗದದಲ್ಲಿ ಏನು ಬರೆದಿತ್ತೆಂದು ಅದಕ್ಕೆ ಹೆಬ್ಬೆಟ್ಟು ಒತ್ತಿದವರಿಗೆ ಓದಲು ಬರುತ್ತಿರಲಿಲ್ಲ ಎಂಬುದೂ ಆ ಸಿಟ್ಟಿನ ಒಂದು ಪಾಲು. ನಾಲ್ಕು ವರ್ಷದ ಬಳಿಕ, 1879ರಲ್ಲಿ, ದಖ್ಖನಿನ ರೈತರ ಪರಿಹಾರಕ್ಕೆಂದು ಬಂದ ಕಾಯಿದೆ ರೈತರ ಪತ್ರಗಳು ಗ್ರಾಮ ರಿಜಿಸ್ಟ್ರಾರನ ಮುಂದೆಯೇ ಆಗಬೇಕೆಂದು ಕಟ್ಟುಮಾಡಿತು.

ಓದಲಾಗದ ಕಾಗದದ ಕಷ್ಟವನ್ನು ಪುಣೆಯ ಜೋತಿರಾವ್ ಫುಲೆ ಬಲ್ಲವರು. ಕುಲಕರ್ಣಿಗಳು, ನೌಕರರು ಕಾಗದದ ಬಲದಿಂದ ರೈತನನ್ನು ಹೇಗೆ ಹಿಂಡುತ್ತಾರೆಂಬುದನ್ನು ಅವರು 1883ರ ‘ಶೇತಕರ್‍ಯಾಚಾ ಆಸೂಡ’ದಲ್ಲಿ, ಅಂದರೆ ‘ರೈತನ ಚಾಟಿ’ಯಲ್ಲಿ, ವಿವರವಾಗಿ ಬರೆದರು. ಅವರ ಸ್ವಂತ ಓದೂ ನಡುವೆ ನಿಂತುಹೋಗಿತ್ತು. ತಂದೆ ಗೋವಿಂದರಾವ್ ಶಾಲೆ ಬಿಡಿಸಿ ಹೊಲದ ಕೆಲಸಕ್ಕೆ ಹಚ್ಚಿದ್ದರು. ನೆರೆಯ ಗಫಾರ್ ಬೇಗ್ ಮುನ್ಷಿ ಮತ್ತು ಒಬ್ಬ ಕ್ರೈಸ್ತ ಹಿರಿಯರು ತಿಳಿಹೇಳಿದ ಮೇಲೆ ಹುಡುಗ ಸ್ಕಾಟಿಷ್ ಮಿಷನ್ ಶಾಲೆ ಸೇರಿದ.

1882ರಲ್ಲಿ ಹಂಟರ್ ನೇತೃತ್ವದ ಶಿಕ್ಷಣ ಆಯೋಗಕ್ಕೆ ಫುಲೆ ಒಂದು ಮನವಿ ಕೊಟ್ಟರು. ಮೋಡಿಯನ್ನು ಶಾಲೆಯಿಂದ ತೆಗೆಯಿರಿ, ಮಕ್ಕಳಿಗೂ ತಿಳಿಯುವ ಬಾಳಬೋಧವೊಂದೇ ಸಾಕು ಎಂದು ಅವರು ಕೇಳಿರಬೇಕೆಂದು ನಾವು ಊಹಿಸಬಹುದು. ಅವರು ಕೇಳಿದ್ದು ಹಾಗಲ್ಲ. ಪ್ರಾಥಮಿಕ ಶಾಲೆಯಲ್ಲಿ ಮೋಡಿ ಮತ್ತು ಬಾಳಬೋಧ ಎರಡನ್ನೂ ಕಲಿಸಬೇಕು, ಜೊತೆಗೆ ಲೆಕ್ಕ, ಒಂದಿಷ್ಟು ಇತಿಹಾಸ, ಭೂಗೋಳ, ವ್ಯಾಕರಣ, ಬೇಸಾಯದ ಮೊದಲ ಪಾಠ ಇರಬೇಕು ಎಂದರು. ಕನಿಷ್ಠ 12 ವರ್ಷದವರೆಗೆ ಶಿಕ್ಷಣ ಕಡ್ಡಾಯವಾಗಲಿ ಎಂದರು. ದನ ಕಾಯಲು, ಹೊಲ ನೋಡಲು ಮಕ್ಕಳು ಬೇಕಾದ ಬಡವರು ಶಾಲೆಗೆ ಕಳಿಸಬೇಕಾದರೆ ವಿದ್ಯಾರ್ಥಿವೇತನ, ಬಹುಮಾನಗಳ ಆಸರೆ ಬೇಕು ಎಂದೂ ಸೇರಿಸಿದರು. ರೈತನ ಬದುಕನ್ನು ಕಟ್ಟಿಹಾಕುವ ಕಾಗದ ಯಾವ ಅಕ್ಷರದಲ್ಲಿದೆಯೋ ಆ ಅಕ್ಷರ ರೈತನ ಮಗುವಿಗೆ ಬರಬೇಕು ಎಂಬುದು ಇದರ ಹಿಂದಿನ ಸರಳ ಲೆಕ್ಕ. ತಂದೆತಾಯಿಗೆ ಆಸೆ ಇಲ್ಲವೆಂದು ಅವರು ದೂರಲಿಲ್ಲ, ಆಸೆಗೆ ಅಡ್ಡ ಬಂದ ಬಡತನವನ್ನು ಎತ್ತಿ ತೋರಿಸಿದರು.

ಆದರೆ ಕಾಲ ಮೋಡಿಯ ಕಡೆಗಿರಲಿಲ್ಲ. 1810ರಲ್ಲಿ ವಿಲಿಯಂ ಕೇರಿ ತನ್ನ ಮರಾಠಿ ನಿಘಂಟನ್ನು ಮೋಡಿ ಅಚ್ಚಿನಲ್ಲೇ ತಂದಿದ್ದ. ಅಕ್ಷರ ಅಕ್ಷರಕ್ಕೆ ಅಂಟಿ ಆಕಾರ ಬದಲಿಸುವ ಬರಹವನ್ನು ಸೀಸದ ಮೊಳೆಗಳಿಗೆ ಒಗ್ಗಿಸುವುದು ತೊಡಕಿನ ಕೆಲಸ. ಮುದ್ರಣ ದೇವನಾಗರಿಯನ್ನು ಹಿಡಿಯಿತು. ಪಠ್ಯಪುಸ್ತಕ, ಪತ್ರಿಕೆಗಳು ಅದರ ಹಿಂದೆ ಹೋದವು. 1917ರಲ್ಲಿ ಮುಂಬೈ ಪ್ರಾಂತ್ಯದ ಸರ್ಕಾರ ಆಡಳಿತಕ್ಕೆ ಬಾಳಬೋಧವೇ ಮುಖ್ಯ ಲಿಪಿಯೆಂದು ತೀರ್ಮಾನಿಸಿತು. ಶಾಲೆಗಳಲ್ಲಿ ಮೋಡಿ ಇನ್ನೂ ಕೆಲವು ದಶಕ ಉಳಿದಿತ್ತು, ಹಿರಿಯರು ಮನೆಲೆಕ್ಕ, ಖಾಸಗಿ ಪತ್ರಗಳನ್ನು ಅದರಲ್ಲೇ ಬರೆಯುತ್ತಿದ್ದರು. ಸ್ವಾತಂತ್ರ್ಯ ಬಂದ ಕೆಲವೇ ವರ್ಷಗಳಲ್ಲಿ ಅದೂ ನಿಂತಿತು. ಹಿಂದೆ ಮೋಡಿಗಾಗಿ ಪಂತೋಜಿಗೆ ಕಾಳು ಅಳೆದ ಮನೆತನಗಳಿಗೂ ಅದು ಹೊಟ್ಟೆಗೆ ಹಾಕುವ ವಿದ್ಯೆಯಾಗಿ ಉಳಿದಿರಲಿಲ್ಲ. ನೌಕರಿ ಇದ್ದದ್ದು ಬಾಳಬೋಧದಲ್ಲಿ, ಅದಕ್ಕಿಂತ ಹೆಚ್ಚಾಗಿ ಇಂಗ್ಲಿಷಿನಲ್ಲಿ.

ಈ ಬದಲಾವಣೆಯಿಂದ ಲಾಭವಾಗಿಲ್ಲ ಎನ್ನಲಾಗದು. ಎಲ್ಲ ಮಕ್ಕಳೂ ಒಂದೇ ಲಿಪಿ ಕಲಿತು, ಸರ್ಕಾರದ ಕಾಗದವೂ ಅದೇ ಲಿಪಿಗೆ ಬಂದಾಗ ಕುಲಕರ್ಣಿಯ ಗುತ್ತಿಗೆ ಮುರಿಯಿತು. ಆದರೆ ಹೊಸ ಕಾಗದ ಹೊಸ ಲಿಪಿಗೆ ಬಂತೇ ಹೊರತು ಹಳೆಯದು ಇದ್ದ ಹಾಗೇ ಉಳಿಯಿತು. 1930ರ ದಶಕದ ಆರಂಭದಲ್ಲಿ ಗೋವಿಂದ ಸಖಾರಾಮ ಸರದೇಸಾಯಿ ಪೇಶ್ವೆ ದಫ್ತರದಿಂದ ಆಯ್ದ ಪತ್ರಗಳನ್ನು 45 ಸಂಪುಟಗಳಲ್ಲಿ ಹೊರತಂದರು. ಶಾಲೆಯಲ್ಲೇ ಮೋಡಿ ಕಲಿತವರು ಆಗ ಊರ ತುಂಬ ಇದ್ದರು. ಇಂದು ಅಂಥ ಕೆಲಸಕ್ಕೆ ಕೈಹಾಕುವವರು ಮೊದಲು ಓದುಗರನ್ನು ತಯಾರು ಮಾಡಬೇಕು. 1910ರಲ್ಲಿ ಇತಿಹಾಸಾಚಾರ್ಯ ರಾಜವಾಡೆ ಮುಂತಾದವರು ಕಟ್ಟಿದ ಪುಣೆಯ ಭಾರತ ಇತಿಹಾಸ ಸಂಶೋಧಕ ಮಂಡಳ ಮೋಡಿ ತರಗತಿಗಳನ್ನು ನಡೆಸುವುದು ಇದಕ್ಕಾಗಿಯೇ. 2014ರಲ್ಲಿ ಮೋಡಿ ಯೂನಿಕೋಡಿಗೂ ಸೇರಿತು, ಆದರೆ ಕೈಬರಹದ ಕಾಗದ ಅದರಿಂದ ತಾನಾಗಿ ಬಾಯಿ ಬಿಡುವುದಿಲ್ಲ.

ಇದು ಸಂಶೋಧಕರ ಚಿಂತೆ ಮಾತ್ರವೂ ಅಲ್ಲ. 2023ರಲ್ಲಿ ಮರಾಠಾ ಮೀಸಲಾತಿಯ ಹೋರಾಟ ತೀವ್ರವಾದಾಗ ಮಹಾರಾಷ್ಟ್ರ ಸರ್ಕಾರ ನಿವೃತ್ತ ನ್ಯಾಯಮೂರ್ತಿ ಸಂದೀಪ್ ಶಿಂದೆ ಸಮಿತಿ ರಚಿಸಿತು. ಕುಟುಂಬದ ಹಿರಿಯರು ಕುಣಬಿ ಎಂದು ದಾಖಲಾಗಿದ್ದಾರೆಯೇ ಎಂಬುದನ್ನು ಹಳೆಯ ಕಡತಗಳಲ್ಲಿ ಹುಡುಕಬೇಕಿತ್ತು. ಆ ಕಡತಗಳಲ್ಲಿ ಬಹಳಷ್ಟು ಉರ್ದು ಮತ್ತು ಮೋಡಿಯಲ್ಲಿದ್ದವು. ಮೋಡಿ ಬಲ್ಲವರಿಗೆ ಒಮ್ಮೆಲೇ ಬೇಡಿಕೆ ಬಂತು. ತಾತನ ಹೆಸರಿನ ಮುಂದೆ ಏನು ಬರೆದಿದೆ ಎಂಬುದರ ಮೇಲೆ ಮೊಮ್ಮಗಳ ಕಾಲೇಜು ಸೀಟು ನಿಂತಿದೆ, ಓದಿ ಹೇಳಲು ಮಾತ್ರ ಯಾರನ್ನೋ ಕಾಯಬೇಕು. 1875ರ ರೈತನಿಗೂ 2023ರ ಪದವೀಧರನಿಗೂ ಈ ಒಂದು ವಿಷಯದಲ್ಲಿ ವ್ಯತ್ಯಾಸ ಕಡಿಮೆ. ಶಾಲೆ ಬಿಟ್ಟ ಅಕ್ಷರ ಸಾಯುವುದಿಲ್ಲ, ಮತ್ತೆ ಕೆಲವರ ಕೈಗೆ ಸೇರುತ್ತದೆ.

ಕನ್ನಡಿಗರಿಗೆ ಈ ಕಥೆ ದೂರದ್ದಲ್ಲ. 1818ರಲ್ಲಿ ಪೇಶ್ವೆಯ ಆಳ್ವಿಕೆ ಮುಗಿದ ಮೇಲೂ ಧಾರವಾಡ, ಬೆಳಗಾವಿಗಳ ಕಚೇರಿಗಳಲ್ಲಿ ಮರಾಠಿಯೇ ನಡೆಯಿತು, ಕನ್ನಡ ಮನೆಯ ಮಕ್ಕಳೂ ಮರಾಠಿ ಶಾಲೆಗೆ ಹೋದರು. ಡೆಪ್ಯುಟಿ ಚನ್ನಬಸಪ್ಪನವರಂಥವರು ಕನ್ನಡ ಶಾಲೆಗಳಿಗಾಗಿ ದುಡಿಯಬೇಕಾಯಿತು. ಮುಂಬೈ ಕರ್ನಾಟಕದ ಹಳೆಯ ಜಮೀನಿನ ಕಾಗದಗಳಲ್ಲಿ ಮೋಡಿ ಇಂದಿಗೂ ಎದುರಾಗುತ್ತದೆ. ಇನ್ನು ನಮ್ಮದೇ ಅಕ್ಷರದ ಮೋಡಿಯೂ ಇದೆ. ಶಾನುಭೋಗರ ಲೆಕ್ಕ, ಮಠಗಳ ಕಡತ, ಹಳೆಯ ಪತ್ರಗಳಲ್ಲಿ ಕನ್ನಡ ಅಕ್ಷರಗಳನ್ನು ಕೂಡಿಸಿ ಓಡಿಸಿದ ಬರಹಕ್ಕೂ ಮೋಡಿ ಎಂದೇ ಹೆಸರು. ಅಚ್ಚುಕನ್ನಡ ಮಾತ್ರ ಓದಿದ ಕಣ್ಣಿಗೆ ಅದು ಕನ್ನಡವೆಂದೇ ತೋರುವುದಿಲ್ಲ.

ಹಾಗಾದರೆ ಕರ್ಸಿವ್ ಕಲಿಸಬೇಕೇ? ಪುಣೆಯ ಅನುಭವದಿಂದ ನೋಡಿದರೆ ಅಂದಕ್ಕಾಗಿ ಮಗುವಿನ ಕೈ ನೋಯಿಸುವ ಅಗತ್ಯ ಕಾಣುವುದಿಲ್ಲ. ಬಿಡಿ ಅಕ್ಷರದಲ್ಲಿ ನೀಟಾಗಿ ಬರೆಯುವ ಮಗು ಏನನ್ನೂ ಕಳೆದುಕೊಳ್ಳುವುದಿಲ್ಲ. ಕಳೆದುಕೊಳ್ಳುವುದು ಇನ್ನೊಬ್ಬರ ಕೈಬರಹ ಓದಲಾಗದ ಮಗು. ಬರೆಯುವುದಕ್ಕೆ ವರ್ಷಗಟ್ಟಲೆ ಅಭ್ಯಾಸ ಬೇಕು, ಓದುವುದಕ್ಕೆ ಅಷ್ಟು ಬೇಡ. ಮೇಲಿನ ಪ್ರಾಥಮಿಕ ತರಗತಿಗಳಲ್ಲಿ ಕೆಲವು ವಾರ ಬೇರೆ ಬೇರೆ ಕೈಗಳ ಪತ್ರ, ರಸೀದಿ, ಹಳೆಯ ಕ್ರಯಪತ್ರಗಳನ್ನು ಓದಿಸುವುದು ಯಾವ ಶಾಲೆಗೂ ಭಾರವಲ್ಲ. ಫುಲೆ ಕೇಳಿದ್ದರ ತಿರುಳೂ ಇದೇ: ಮಗುವಿನ ಮನೆಗೆ ಯಾವ ಕಾಗದ ಬರುತ್ತದೋ ಅದನ್ನು ಮಗು ಓದಬೇಕು.

ತಂದೆತಾಯಿಯ ಪಾಲಿನ ಕೆಲಸ ಶಾಲೆಯದಕ್ಕಿಂತ ಸಣ್ಣದು, ಆದರೆ ಅದನ್ನು ಬೇರೆಯವರು ಮಾಡಲಾರರು. ಪಂತೋಜಿಯ ಕಾಲದಿಂದ ಇಂದಿನ ಬೇಸಿಗೆ ತರಗತಿಯವರೆಗೆ ತಂದೆತಾಯಂದಿರು ದುಡ್ಡು ಕೊಟ್ಟದ್ದು ಮುಂದಿನ ಅನ್ನ ತರುವ ಅಕ್ಷರಕ್ಕೆ, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಮೋಡಿಯ ಕೊನೆಯ ತಲೆಮಾರಿನ ಎಷ್ಟೋ ಮನೆಗಳಲ್ಲಿ ಅಜ್ಜನಿಗೆ ಓದಲು ಬರುತ್ತಿತ್ತು, ಮೊಮ್ಮಗ ಪಕ್ಕದಲ್ಲೇ ಇದ್ದ, ಪೆಟ್ಟಿಗೆಯ ಕಾಗದ ತೆಗೆದು ಇದೇನೆಂದು ಕೇಳುವ ಸಂದರ್ಭ ಬರಲಿಲ್ಲ. ಅಜ್ಜಿಯ ಅಡುಗೆ ಪುಸ್ತಕ, ಅಜ್ಜ ಬರೆದ ಇನ್‌ಲ್ಯಾಂಡ್ ಪತ್ರ, ಮನೆಯ ಹಳೆಯ ಕ್ರಯಪತ್ರ ಇವು ಇಂದಿನ ಮನೆಗಳಲ್ಲೂ ಇವೆ, ಅವನ್ನು ತಡವರಿಸದೆ ಓದಿಹೇಳುವ ಹಿರಿಯರೂ ಸದ್ಯಕ್ಕೆ ಇದ್ದಾರೆ.