ಜಿಯೋಫೋನ್ ಎದುರು ಏರ್‌ಟೆಲ್‌ನ ಕಾರ್ಬನ್: ಅಗ್ಗದ ಫೋನಿಗೆ ನಾವು ಕೊಟ್ಟ ಬೆಲೆ

2017ರ ಜುಲೈ 21ರಂದು ಮುಂಬೈಯಲ್ಲಿ ರಿಲಯನ್ಸ್ ಕಂಪನಿಯ ಷೇರುದಾರರ ಸಭೆ ನಡೆಯಿತು. ಅಲ್ಲಿ ಮುಕೇಶ್ ಅಂಬಾನಿ ಒಂದು ಬಟನ್ ಫೋನು ತೋರಿಸಿ, ಇದರ ಬೆಲೆ ಸೊನ್ನೆ ಎಂದರು. 1,500 ರೂಪಾಯಿ ಠೇವಣಿ ಇಡಬೇಕು, ಮೂರು ವರ್ಷ ಆದ ಮೇಲೆ ಫೋನು ವಾಪಸ್ ಕೊಟ್ಟರೆ ದುಡ್ಡೂ ವಾಪಸ್. ಅದೇ ಜಿಯೋಫೋನ್.

ಮೂರು ತಿಂಗಳೂ ಕಳೆದಿರಲಿಲ್ಲ, ಅಕ್ಟೋಬರ್ 11ಕ್ಕೆ ಏರ್‌ಟೆಲ್ ಉತ್ತರ ಕೊಟ್ಟಿತು. ಕಾರ್ಬನ್ ಕಂಪನಿ ಜೊತೆ ಸೇರಿ 'ಎ40 ಇಂಡಿಯನ್' ಎಂಬ ಟಚ್ ಫೋನು ತಂದಿತು. ಕಾರ್ಬನ್ ನಮಗೆ ಹೊರಗಿನದೇನಲ್ಲ. ದೆಹಲಿಯ ಜೈನಾ ಗ್ರೂಪ್ ಮತ್ತು ಬೆಂಗಳೂರಿನ ಯುಟಿಎಲ್ ಗ್ರೂಪ್ ಸೇರಿ ಕಟ್ಟಿದ ಕಂಪನಿ ಅದು. ಏರ್‌ಟೆಲ್ ಹೇಳಿದ ಬೆಲೆ 1,399 ರೂಪಾಯಿ, ಅಂದರೆ ಜಿಯೋಗಿಂತ 101 ರೂಪಾಯಿ ಕಮ್ಮಿ.

ಒಂದರ ಬೆಲೆ ಸೊನ್ನೆ, ಇನ್ನೊಂದರದ್ದು 1,399. ಎರಡೂ ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಎರಡೂ ಫೋನು ನಮ್ಮ ಊರುಗಳಿಗೆ ಬಂದವು. ಇಂದಿಗೂ ಎಷ್ಟೋ ಮನೆಯ ಗೂಡಿನಲ್ಲಿ ಅವುಗಳ ಸೆಟ್ಟು ಸಿಗುತ್ತದೆ. ಆ ಪೈಪೋಟಿಯ ಲೆಕ್ಕವನ್ನು ಈಗ ಕೂತು ಮಾಡಿದರೆ, ಇವತ್ತು ನಾವು ಕರೆನ್ಸಿಗೆ ಕೊಡುತ್ತಿರುವ ದುಡ್ಡಿನ ಮೂಲ ಎಲ್ಲಿದೆ ಎಂಬುದು ಅರ್ಥವಾಗುತ್ತದೆ.

ಇದು ಮೊದಲ ಸಲವಲ್ಲ

ಭಾರತದಲ್ಲಿ ಮೊದಲ ಮೊಬೈಲ್ ಕರೆ ಹೋದದ್ದು 1995ರ ಜುಲೈ 31ರಂದು. ಆಗ ಕರೆ ಮಾಡಿದವರೂ ದುಡ್ಡು ಕೊಡಬೇಕು, ಎತ್ತಿದವರೂ ಕೊಡಬೇಕು. ಇನ್‌ಕಮಿಂಗ್ ಪುಕ್ಕಟೆ ಆದದ್ದು 2003ರ ಮೇ ತಿಂಗಳಲ್ಲಿ. ಕರ್ನಾಟಕದಲ್ಲಿ ಆ ದಿನಗಳ ಹೆಸರುಗಳು ಸ್ಪೈಸ್ ಮತ್ತು ಏರ್‌ಟೆಲ್. 1999ರಲ್ಲಿ ಜೆಟಿ ಮೊಬೈಲ್ಸ್ ಅನ್ನು ಕೊಂಡು ಏರ್‌ಟೆಲ್ ನಮ್ಮ ರಾಜ್ಯಕ್ಕೆ ಕಾಲಿಟ್ಟಿತು. ಸ್ಪೈಸ್ 2008ರಲ್ಲಿ ಐಡಿಯಾ ಪಾಲಾಯಿತು.

2003ರ ಮಳೆಗಾಲದಲ್ಲಿ ರಿಲಯನ್ಸ್ 'ಮಾನ್ಸೂನ್ ಹಂಗಾಮಾ' ಎಂಬ ಯೋಜನೆ ತಂದಿತು. 501 ರೂಪಾಯಿ ಕಟ್ಟಿ, ಸೆಟ್ಟು ತಗೊಂಡು ಹೋಗಿ, ಉಳಿದದ್ದು ಕಂತಿನಲ್ಲಿ. ಅದು ಸಿಡಿಎಂಎ ಸೆಟ್ಟು. ಅದರಲ್ಲಿ ತೆಗೆದು ಹಾಕುವ ಸಿಮ್ಮೇ ಇರಲಿಲ್ಲ, ನಂಬರು ಸೆಟ್ಟಿನೊಳಗೇ ಕೂತಿತ್ತು. ಕಂಪನಿ ಬೇಡ ಎಂದರೆ ಸೆಟ್ಟೂ ಬೇಡ ಎಂದೇ ಲೆಕ್ಕ. ಅದೇ ವರ್ಷ ನೋಕಿಯಾ 1100 ಬಂತು. ತುದಿಯಲ್ಲಿ ಟಾರ್ಚ್, ಒಳಗೆ ಯಾವ ಕಂಪನಿಯ ಸಿಮ್ಮಾದರೂ ಹಾಕಬಹುದು. ಆದರೆ ಸೆಟ್ಟಿನ ಪೂರ್ತಿ ದುಡ್ಡನ್ನು ಒಂದೇ ಸಲ ಎಣಿಸಬೇಕಿತ್ತು.

ಮುಂದೆ ಸಿಡಿಎಂಎ ಸೇವೆ ನಿಂತಾಗ ಆ ಸೆಟ್ಟುಗಳೆಲ್ಲ ಮಕ್ಕಳ ಆಟದ ಸಾಮಾನಾದವು. ನೋಕಿಯಾ 1100ಕ್ಕೆ ಹೊಸ ಬ್ಯಾಟರಿ ಹಾಕಿ ಓಡಿಸಿದವರು ಮಾತ್ರ ಬಹಳ ವರ್ಷ ಓಡಿಸಿದರು. 2017ರ ಜಗಳದ ಬೀಜ ಇಲ್ಲೇ ಇತ್ತು.

ಕೈಗೆ ಬಂದ ಮೇಲೆ

ಜಿಯೋಫೋನ್‌ನ ಬುಕಿಂಗ್ 2017ರ ಆಗಸ್ಟ್ 24ಕ್ಕೆ ಶುರುವಾಯಿತು. ಮೊದಲು 500 ರೂಪಾಯಿ, ಫೋನು ಕೈಗೆ ಬಂದಾಗ 1,000. ಸುಮಾರು 60 ಲಕ್ಷ ಬುಕಿಂಗ್ ಆದವೆಂದು ಹೇಳಿ ಎರಡೇ ದಿನದಲ್ಲಿ ಬುಕಿಂಗ್ ನಿಲ್ಲಿಸಿದರು. ನವರಾತ್ರಿ ಹೊತ್ತಿಗೆ ಫೋನುಗಳು ಬರತೊಡಗಿದವು.

ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಜಿಯೋಫೋನ್‌ಗೆ 2.4 ಇಂಚಿನ ಪರದೆ, ಕೆಳಗೆ ಬಟನ್ನು, 512 ಎಂಬಿ ರ್‍ಯಾಮ್, 2,000 ಎಂಎಎಚ್ ಬ್ಯಾಟರಿ. ಕಾರ್ಬನ್‌ಗೆ 4 ಇಂಚಿನ ಟಚ್ ಪರದೆ, 1 ಜಿಬಿ ರ್‍ಯಾಮ್, ಆಂಡ್ರಾಯ್ಡ್ 7. ಬ್ಯಾಟರಿ ಮಾತ್ರ 1,400 ಎಂಎಎಚ್. ಪರದೆ ದೊಡ್ಡದು, ಬ್ಯಾಟರಿ ಚಿಕ್ಕದು. ಕರೆಂಟು ಯಾವಾಗ ಬರುತ್ತದೆ, ಯಾವಾಗ ಹೋಗುತ್ತದೆ ಎಂದು ಗೊತ್ತಿಲ್ಲದ ಊರಿನಲ್ಲಿ ಇದು ಸಣ್ಣ ವಿಷಯವಲ್ಲ. ಬೆಳಿಗ್ಗೆ ಚಾರ್ಜ್ ಮಾಡಿ ಹೊಲಕ್ಕೆ ಒಯ್ದ ಬಟನ್ ಫೋನು ಸಂಜೆಯವರೆಗೂ ಉಸಿರಾಡುತ್ತಿತ್ತು. ಟಚ್ ಫೋನಿನಲ್ಲಿ ನಾಲ್ಕು ವಿಡಿಯೋ ನೋಡಿದರೆ ಮಧ್ಯಾಹ್ನಕ್ಕೇ ಚಾರ್ಜರ್ ಹುಡುಕಬೇಕು.

ಬಟನ್ನಿಗೆ ಇನ್ನೊಂದು ಗುಣವಿತ್ತು. ಗಾರೆ ಕೆಲಸದವರ, ಹಾಲು ಕರೆಯುವವರ, ಕಳೆ ಕೀಳುವವರ ಬೆರಳಿಗೆ ಟಚ್ ಪರದೆ ಸುಲಭಕ್ಕೆ ಬಗ್ಗುವುದಿಲ್ಲ. ಒದ್ದೆ ಕೈ, ಮಣ್ಣು ಕೈ, ಒರಟು ಬೆರಳು ಯಾವುದಿದ್ದರೂ ಬಟನ್ನು ಕೇಳುತ್ತದೆ. ಹಸಿರು ಬಟನ್ ಒತ್ತಿದರೆ ಮಾತು, ಕೆಂಪು ಒತ್ತಿದರೆ ಮುಗಿಯಿತು. ನಮ್ಮ ಅಜ್ಜ ಅಜ್ಜಿಯರಿಗೆ ಹೊಸದಾಗಿ ಕಲಿಸಬೇಕಾದದ್ದು ಏನೂ ಇರಲಿಲ್ಲ.

ಆದರೆ ಜಿಯೋಫೋನ್‌ಗೆ ಎರಡು ಬೀಗ ಇದ್ದವು. ಒಂದು, ಅದಕ್ಕೆ ಒಂದೇ ಸಿಮ್ಮು, ಅದೂ ಜಿಯೋದ್ದೇ ಆಗಬೇಕು. ನಮ್ಮಲ್ಲಿ ಎರಡು ಸಿಮ್ ಇಡುವುದು ಶೋಕಿಗಲ್ಲ. ಮನೆ ಹತ್ತಿರ ಒಂದರ ಟವರ್ ಸಿಗುತ್ತದೆ, ತೋಟದಲ್ಲಿ ಇನ್ನೊಂದರದ್ದು. ಮಲೆನಾಡಿನ ಎಷ್ಟೋ ಊರುಗಳಲ್ಲಿ ಬಿಎಸ್‌ಎನ್‌ಎಲ್ ಬಿಟ್ಟರೆ ಬೇರೆ ಗತಿ ಇರಲಿಲ್ಲ. ಕಾರ್ಬನ್‌ನಲ್ಲಿ ಎರಡು ಸಿಮ್‌ಗೆ ಜಾಗವಿತ್ತು.

ಎರಡನೆಯ ಬೀಗ ಟವರಿನದ್ದು. 2016ರ ಸೆಪ್ಟೆಂಬರ್ 5ರಂದು ಶುರುವಾದ ಜಿಯೋ ಬರೀ 4ಜಿ ಜಾಲ. ಅದರಲ್ಲಿ ಮಾತು ಕೂಡ ಇಂಟರ್ನೆಟ್ ದಾರಿಯಲ್ಲೇ ಹೋಗುತ್ತದೆ. ಹಾಗಾಗಿ 4ಜಿ ಸಿಕ್ಕರೆ ದನಿ ಸ್ಪಷ್ಟ, ನಂಬರ್ ಒತ್ತಿದ ತಕ್ಷಣ ರಿಂಗ್. ಸಿಗದಿದ್ದರೆ ಏನೂ ಇಲ್ಲ, ಯಾಕೆಂದರೆ ಇಳಿಯಲು ಕೆಳಗೆ 3ಜಿ, 2ಜಿ ಎಂಬ ಮೆಟ್ಟಿಲೇ ಇರಲಿಲ್ಲ. ಏರ್‌ಟೆಲ್‌ಗೆ ಆ ಮೆಟ್ಟಿಲು ಇತ್ತು. 4ಜಿ ಹೋದರೆ 3ಜಿ, ಅದೂ ಹೋದರೆ ಇಪ್ಪತ್ತು ವರ್ಷದಿಂದ ಕಟ್ಟಿಕೊಂಡು ಬಂದ 2ಜಿ. ನೆಟ್ ಓಡದಿದ್ದರೂ ಮಾತು ಹೋಗುತ್ತಿತ್ತು. ಆದರೆ 4ಜಿಯಲ್ಲೇ ಮಾತು ಸಾಗಿಸುವ ವ್ಯವಸ್ಥೆಯನ್ನು ಏರ್‌ಟೆಲ್ ಮೊದಲು ಮುಂಬೈಯಲ್ಲಿ ಶುರುಮಾಡಿದ್ದೇ 2017ರ ಸೆಪ್ಟೆಂಬರ್‌ನಲ್ಲಿ. ಅದು ಬರದ ಕಡೆ, ಕರೆ ಬಂದ ಕೂಡಲೇ ಫೋನು ಹಳೆಯ ಜಾಲಕ್ಕೆ ಇಳಿಯುತ್ತಿತ್ತು, ನೋಡುತ್ತಿದ್ದ ವಿಡಿಯೋ ನಿಂತುಬಿಡುತ್ತಿತ್ತು.

ವಾಟ್ಸಪ್ ವಿಷಯದಲ್ಲಿ ವ್ಯತ್ಯಾಸ ಇನ್ನೂ ದೊಡ್ಡದು. ಕಾರ್ಬನ್ ಆಂಡ್ರಾಯ್ಡ್ ಫೋನಾದ್ದರಿಂದ ಮೊದಲ ದಿನವೇ ವಾಟ್ಸಪ್ ಇತ್ತು. ಜಿಯೋಫೋನ್ ಕೈಓಎಸ್ ಎಂಬ ಬೇರೆ ತಂತ್ರಾಂಶದ ಮೇಲೆ ಓಡುತ್ತಿತ್ತು. ಅದಕ್ಕೆ ವಾಟ್ಸಪ್ ಬಂದದ್ದು 2018ರ ಸೆಪ್ಟೆಂಬರ್‌ನಲ್ಲಿ, ಫೋನು ಬಂದು ಒಂದು ವರ್ಷದ ನಂತರ. ಸಂಘದ ಗುಂಪು, ಶಾಲೆಯ ಗುಂಪು, ಮಾರುಕಟ್ಟೆ ದರದ ಗುಂಪು ಎಲ್ಲವೂ ವಾಟ್ಸಪ್‌ನಲ್ಲೇ ಇದ್ದ ಕಾಲವದು.

ಮೂರು ವರ್ಷದ ಲೆಕ್ಕ

ಈಗ 'ಸೊನ್ನೆ ಬೆಲೆ' ಮತ್ತು '1,399'ರ ಒಳಗಿಳಿಯೋಣ. ಶರತ್ತುಗಳನ್ನು ಸಣ್ಣ ಅಕ್ಷರದಲ್ಲಿ ಬರೆದಿದ್ದರು.

ಜಿಯೋಫೋನ್ ಠೇವಣಿ ವಾಪಸ್ ಬೇಕೆಂದರೆ ವರ್ಷಕ್ಕೆ ಕನಿಷ್ಠ 1,500 ರೂಪಾಯಿ ರೀಚಾರ್ಜ್ ಮಾಡಿಸಬೇಕು. ಮೂರು ವರ್ಷಕ್ಕೆ 4,500. ಠೇವಣಿ 1,500 ಹೋಗಿ ವಾಪಸ್ ಬರುತ್ತದೆ. ಕೊನೆಗೆ ನಮ್ಮ ಜೇಬಿನಿಂದ ಹೋದದ್ದು 4,500. ಆದರೆ ಫೋನು ನಮ್ಮದಲ್ಲ, ಕೊಟ್ಟುಬಿಡಬೇಕು.

ಏರ್‌ಟೆಲ್‌ನ ಕಾರ್ಬನ್‌ಗೆ ಮೊದಲೇ ಕೊಡಬೇಕಾದದ್ದು 1,399 ಅಲ್ಲ, 2,899 ರೂಪಾಯಿ. ಮೊದಲ 18 ತಿಂಗಳಲ್ಲಿ 3,000 ರೂಪಾಯಿ ರೀಚಾರ್ಜ್ ಆದರೆ 500 ವಾಪಸ್, ಮುಂದಿನ 18 ತಿಂಗಳಲ್ಲಿ ಇನ್ನೊಂದು 3,000 ಆದರೆ 1,000 ವಾಪಸ್. 2,899ಕ್ಕೆ 6,000 ಸೇರಿಸಿ 1,500 ಕಳೆದರೆ ಉಳಿಯುವುದು 7,399. ಆದರೆ ಫೋನು ನಮ್ಮ ಬಳಿಯೇ ಉಳಿಯುತ್ತದೆ.

ಎರಡಕ್ಕೂ ನಡುವಿನ ವ್ಯತ್ಯಾಸ 2,899 ರೂಪಾಯಿ. ಕಾರ್ಬನ್ ಕೊಳ್ಳಲು ಮೊದಲು ಎಣಿಸಿದ ಮೊತ್ತವೂ ಅಷ್ಟೇ! ಅಂದರೆ ಫೋನಿಗೆ ಪೂರ್ತಿ ದುಡ್ಡು ಕೊಟ್ಟವರಿಗೆ ಫೋನು ಉಳಿಯಿತು, ಕೊಡದವರಿಗೆ ಉಳಿಯಲಿಲ್ಲ. ಅಗ್ಗ ಎಂಬ ಮಾಯೆ ಕಳಚಿದರೆ ಕಾಣುವುದು ಇಷ್ಟೇ. ಆದರೂ ಈ ಲೆಕ್ಕದಲ್ಲಿ ಬಾರದ ಒಂದು ಮಾತಿದೆ. ದಿನಗೂಲಿ ಮನೆಯಲ್ಲಿ 2,899 ಒಟ್ಟಿಗೆ ಎಣಿಸುವುದು ಬೇರೆ, 500 ಮತ್ತು 1,000 ಎಂದು ಎರಡು ಸಲ ಎಣಿಸುವುದು ಬೇರೆ. ಜಿಯೋಫೋನ್ ಗೆದ್ದದ್ದು ಈ ಜಾಗದಲ್ಲಿ.

2018ರ ಜುಲೈನಲ್ಲಿ ಜಿಯೋ ಇನ್ನೊಂದು ಹೆಜ್ಜೆ ಇಟ್ಟಿತು. ಹಳೆಯ ಬಟನ್ ಫೋನು ಕೊಟ್ಟು 501 ರೂಪಾಯಿಗೆ ಜಿಯೋಫೋನ್ ಪಡೆಯಿರಿ ಎಂದಿತು. ಹೆಸರೂ ಅದೇ 'ಮಾನ್ಸೂನ್ ಹಂಗಾಮಾ', ಮೊತ್ತವೂ ಹದಿನೈದು ವರ್ಷ ಹಿಂದಿನದೇ. ಅಂಗಡಿಗೆ ಹೋದರೆ ಆರು ತಿಂಗಳ 594 ರೂಪಾಯಿ ರೀಚಾರ್ಜ್ ಸೇರಿ 1,095 ಆಗುತ್ತಿತ್ತು.

ರಿಂಗ್ ಎಷ್ಟು ಹೊತ್ತು ಆಗಬೇಕು?

ಈ ಪೈಪೋಟಿ ನಮ್ಮ ಮಿಸ್ ಕಾಲಿಗೂ ಕೈ ಹಾಕಿತು. ಆಗ ಒಂದು ನಿಯಮವಿತ್ತು. ಒಂದು ಕಂಪನಿಯ ಗ್ರಾಹಕ ಇನ್ನೊಂದರ ಗ್ರಾಹಕನಿಗೆ ಕರೆ ಮಾಡಿದರೆ, ಮಾಡಿದವನ ಕಂಪನಿ ಎತ್ತಿದವನ ಕಂಪನಿಗೆ ದುಡ್ಡು ಕೊಡಬೇಕು. ನಿಮಿಷಕ್ಕೆ 14 ಪೈಸೆ ಇದ್ದದ್ದು 2017ರ ಅಕ್ಟೋಬರ್‌ನಿಂದ 6 ಪೈಸೆ ಆಯಿತು. ಹಾಗಾಗಿ ಕರೆ ಯಾರು ಯಾರಿಗೆ ಮಾಡುತ್ತಾರೆ ಎಂಬುದರ ಮೇಲೆ ಕೋಟಿಗಟ್ಟಲೆ ದುಡ್ಡು ನಿಂತಿತ್ತು.

ರಿಂಗ್ ಬೇಗ ನಿಂತರೆ ಎತ್ತಲು ಆಗುವುದಿಲ್ಲ. ಎತ್ತಲಾಗದವನು ತಿರುಗಿ ಕರೆ ಮಾಡುತ್ತಾನೆ, ಆಗ ದುಡ್ಡು ಕೊಡುವ ಕಂಪನಿ ಅದಲುಬದಲು. 2019ರಲ್ಲಿ ಜಿಯೋ ರಿಂಗಿನ ಹೊತ್ತನ್ನು ಇಳಿಸಿತು, ಏರ್‌ಟೆಲ್ ಮತ್ತು ವೊಡಾಫೋನ್ ಐಡಿಯಾ ಕೂಡ 25 ಸೆಕೆಂಡಿಗೆ ತಂದವು. ಕೊನೆಗೆ 2019ರ ನವೆಂಬರ್ 1ರಂದು ಟ್ರಾಯ್ ಮಧ್ಯೆ ಬಂದು, ಮೊಬೈಲ್‌ಗೆ 30 ಸೆಕೆಂಡ್, ಲ್ಯಾಂಡ್‌ಲೈನ್‌ಗೆ 60 ಸೆಕೆಂಡ್ ಎಂದು ಕಟ್ಟು ಮಾಡಿತು. ಎಮ್ಮೆ ಕರೆಯುತ್ತಾ ಕೂತ ಹೆಂಗಸು ಚೆಂಬು ಕೆಳಗಿಟ್ಟು, ಕೈ ಒರೆಸಿಕೊಂಡು ಒಳಗೆ ಬರಲು ಎಷ್ಟು ಹೊತ್ತು ಬೇಕು? ದೊಡ್ಡ ಕಂಪನಿಗಳ ಜಗಳ ಆ ಐದು ಸೆಕೆಂಡಿನ ಮೇಲೆ ನಡೆಯುತ್ತಿತ್ತು. ಆ ಪೈಸೆ ಲೆಕ್ಕ 2021ರ ಜನವರಿ 1ಕ್ಕೆ ಪೂರ್ತಿ ರದ್ದಾಯಿತು.

ಎರಡನ್ನೂ ಕೊಳ್ಳದವರು

ನಮಗೆ ಈ ಇತಿಹಾಸದಲ್ಲಿ ಮುಖ್ಯ ಎನಿಸುವವರು ಜಿಯೋಫೋನನ್ನೂ ಕೊಳ್ಳದ, ಕಾರ್ಬನ್ನನ್ನೂ ಕೊಳ್ಳದ ಮೂರನೆಯವರು. ಹಳೆಯ 2ಜಿ ಸೆಟ್ಟು ಇಟ್ಟುಕೊಂಡು, ಹತ್ತು ರೂಪಾಯಿ ಕರೆನ್ಸಿಯನ್ನು ತಿಂಗಳುಗಟ್ಟಲೆ ಉಳಿಸಿ, ಮಗ ಬೆಂಗಳೂರಿನಿಂದ ಕರೆ ಮಾಡಿದಾಗ ಎತ್ತಿ ಮಾತಾಡುತ್ತಿದ್ದವರು. ಬ್ಯಾಲೆನ್ಸ್ ಸೊನ್ನೆ ಆದರೂ ಅವರಿಗೆ ಇನ್‌ಕಮಿಂಗ್ ಬರುತ್ತಿತ್ತು.

ಜಿಯೋ ಎದುರು ದರ ಇಳಿಸಿ ಇಳಿಸಿ ಸುಸ್ತಾದ ಹಳೆಯ ಕಂಪನಿಗಳು 2018ರ ಕೊನೆಯಲ್ಲಿ ಇವರ ಕಡೆ ತಿರುಗಿದವು. ಏರ್‌ಟೆಲ್ ಮತ್ತು ವೊಡಾಫೋನ್ ಐಡಿಯಾ ಇನ್‌ಕಮಿಂಗ್ ಉಳಿಯಬೇಕಾದರೆ 28 ದಿನಕ್ಕೊಮ್ಮೆ ಕನಿಷ್ಠ 35 ರೂಪಾಯಿ ಹಾಕಿಸಿ ಎಂದವು. ಏರ್‌ಟೆಲ್‌ನಲ್ಲಿ ಆ ಮೊತ್ತ 2019ರ ಕೊನೆಗೆ 45 ಆಯಿತು. 2021ರಲ್ಲಿ ಮೊದಲು 79, ಆಮೇಲೆ 99. 2023ರಲ್ಲಿ ಕರ್ನಾಟಕದಲ್ಲಿ 155. 2024ರ ಜುಲೈಗೆ 199. ಈ ದುಡ್ಡಿನಲ್ಲಿ ಡೇಟಾ ಸೇರಿ ಬರುತ್ತದೆ, ನಿಜ. ಆದರೆ ಆ ಸೆಟ್ಟಿನಲ್ಲಿ ನೆಟ್ ಓಡಿದರೆ ತಾನೆ! ಬಳಸದ ಡೇಟಾಕ್ಕೂ ದುಡ್ಡು ಕೊಟ್ಟು, ಬರೀ ಮಗನ ದನಿ ಕೇಳುವುದಕ್ಕೆ ವೃದ್ಧಾಪ್ಯ ವೇತನದಿಂದ ತೆಗೆದಿಡುವ ತಾಯಂದಿರು ನಮ್ಮ ಎಲ್ಲ ಊರುಗಳಲ್ಲೂ ಇದ್ದಾರೆ.

ಅವರ ಪರವಾಗಿ ಒಂದು ನಿಯಮ ಬಂದದ್ದು 2024ರ ಡಿಸೆಂಬರ್‌ನಲ್ಲಿ. ಡೇಟಾ ಇಲ್ಲದ, ಬರೀ ಮಾತು ಮತ್ತು ಎಸ್ಸೆಮ್ಮೆಸ್ ಇರುವ ಪ್ಯಾಕ್ ಕೊಡಲೇಬೇಕೆಂದು ಟ್ರಾಯ್ ಹೇಳಿತು. 2025ರ ಜನವರಿಯಿಂದ ಕಂಪನಿಗಳು ಅಂಥ ಪ್ಯಾಕ್ ತಂದವು. ಅಂಗಡಿಯವರು ತಾವಾಗಿ ಹೇಳುವುದು ಕಮ್ಮಿ, ನಾವೇ ಕೇಳಬೇಕು.

ಯಾರು ಗೆದ್ದರು?

ಕೈಯಿಂದ ಕೈಗೆ ಹರಡಿದ್ದು ಜಿಯೋಫೋನ್. ಉಳಿದುಕೊಂಡದ್ದು ಕಾರ್ಬನ್ ಹಿಡಿದ ದಾರಿ: ಎರಡು ಸಿಮ್ಮಿನ, ಬೀಗವಿಲ್ಲದ ಆಂಡ್ರಾಯ್ಡ್. ಕೈಓಎಸ್ ಫೋನುಗಳಿಗೆ ಹೊಸದಾಗಿ ವಾಟ್ಸಪ್ ಇಳಿಸಿಕೊಳ್ಳುವುದು 2024ರಲ್ಲಿ ನಿಂತಿತು. ಜಿಯೋ ಕೂಡ 2021ರಲ್ಲಿ ಆಂಡ್ರಾಯ್ಡ್ ದಾರಿಗೆ ಬಂದು 6,499 ರೂಪಾಯಿಯ ಜಿಯೋಫೋನ್ ನೆಕ್ಸ್ಟ್ ತಂದಿತು. 2023ರಲ್ಲಿ ಮತ್ತೆ 999 ರೂಪಾಯಿಯ ಬಟನ್ ಫೋನು, ಜಿಯೋ ಭಾರತ್. ಅದಕ್ಕೂ ಜಿಯೋ ಸಿಮ್ಮೇ ಬೇಕು.

501, 1,500, 999 ಎಂದು ಇಪ್ಪತ್ತು ವರ್ಷದಿಂದ ಅಂಕಿ ಬದಲಾಗಿದೆ, ಗೂಟ ಬದಲಾಗಿಲ್ಲ. ಎಮ್ಮೆ ಕೊಳ್ಳುವಾಗ ನಮ್ಮ ಹಿರಿಯರು ಬೆಲೆಯೊಂದನ್ನೇ ಕೇಳುತ್ತಿರಲಿಲ್ಲ, ಮೇವೆಷ್ಟು ತಿನ್ನುತ್ತದೆ ಎಂದೂ ಕೇಳುತ್ತಿದ್ದರು. ಫೋನಿಗೂ ಅದೇ ಪ್ರಶ್ನೆ. ಇದರಲ್ಲಿ ಬೇರೆ ಸಿಮ್ ನಡೆಯುತ್ತದಾ? ನಮ್ಮ ಮನೆ, ಹೊಲ ಎರಡೂ ಕಡೆ ಟವರ್ ಇದೆಯಾ? ಒಂದು ತಿಂಗಳು ಕರೆನ್ಸಿ ಹಾಕಿಸದಿದ್ದರೆ ಮಗನ ಕರೆ ಬರುತ್ತದಾ? ಈ ಮೂರಕ್ಕೆ ಉತ್ತರ ಸಿಕ್ಕ ಮೇಲೆ ಬೆಲೆ ಕೇಳಿ.