ಬರ್ಲಿನ್ನಿನಿಂದ ಬಂದ ವಾಸ್ತುಶಿಲ್ಪಿ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಸೀಮೆಯ ಹಳೆಯ ಮನೆಗಳನ್ನು ನಾವೆಲ್ಲರೂ ಕಂಡಿದ್ದೇವೆ. ದಪ್ಪನಾದ ಗೋಡೆ, ಕಲ್ಲುಚಪ್ಪಡಿಯ ಮೇಲೆ ಮಣ್ಣು ಹೊದಿಸಿದ ಮಾಳಿಗೆ, ಬಿಸಿಲನ್ನು ಹೊರಗೇ ತಡೆಯುವ ಜಗಲಿ. ಇವನ್ನು ಕಟ್ಟಿದವರು ಕಾಲೇಜು ಓದಿದವರಲ್ಲ. ಆದರೂ ಬಿಸಿಲಿನ ನಡೆಯೂ ಗಾಳಿಯ ದಿಕ್ಕೂ ಅವರಿಗೆ ಕರತಲಾಮಲಕವಾಗಿದ್ದವು. ಇಂಗ್ಲಿಷು ಕಲಿತ ನಾವೋ, ಹಳೆಯದೆಂದು ಅದನ್ನು ಕಡೆಗಣಿಸಿದೆವು. ಬಿಸಿಲು ಗಾಳಿಗಳ ಈ ವಿವೇಕವನ್ನು ಶಾಸ್ತ್ರವನ್ನಾಗಿ ಬೋಧಿಸಿದವರಲ್ಲಿ ಒಬ್ಬರು, ವಿಚಿತ್ರವೆಂದರೆ, ಬರ್ಲಿನ್ನಿನಿಂದ ನಮ್ಮ ಸಂಸ್ಥಾನಕ್ಕೆ ವಲಸೆ ಬಂದವರು: ಒಟ್ಟೊ ಕೋನಿಗ್ಸ್‌ಬರ್ಗರ್.

1908ರಲ್ಲಿ ಜನಿಸಿದ ಇವರು ಬರ್ಲಿನ್ನಿನಲ್ಲಿ ವಾಸ್ತುವಿದ್ಯೆಯನ್ನು ಕಲಿತು, 1933ರಲ್ಲಿ ಷಿಂಕೆಲ್ ಪಾರಿತೋಷಕವನ್ನು ಪಡೆದರು. ಅದೇ ವರುಷ ನಾಜಿಗಳು ಅಧಿಕಾರಕ್ಕೆ ಬಂದರು. ಯೆಹೂದಿ ಎಂಬ ಒಂದೇ ಕಾರಣದಿಂದ ಇವರ ಉದ್ಯೋಗ ಹೋಯಿತು. ಸನ್ಮಾನಿಸಿದ ನಾಡೇ ಹೊರದೂಡಿತು! ಈಜಿಪ್ಟಿನಲ್ಲಿ ಪ್ರಾಚೀನ ಕಟ್ಟಡಗಳ ಸಂಶೋಧನೆಯಲ್ಲಿ ಕೆಲವು ವರುಷ ಕಳೆದ ಮೇಲೆ, 1939ರಲ್ಲಿ ದಿವಾನ್ ಸರ್ ಮಿರ್ಜಾ ಇಸ್ಮಾಯಿಲರ ಆಡಳಿತದಲ್ಲಿ ಮೈಸೂರು ಸರಕಾರದ ಸೇವೆಗೆ ಸೇರಿದರು. ಇವರ ಸೋದರಮಾವ, ಖ್ಯಾತ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್, ಅದಕ್ಕೆ ಮೂರು ನಾಲ್ಕು ವರುಷ ಮೊದಲೇ ಸರ್ ಸಿ. ವಿ. ರಾಮನ್ನರ ಆಹ್ವಾನದ ಮೇಲೆ ಬೆಂಗಳೂರಿಗೆ ಬಂದುಹೋಗಿದ್ದರು.

ಜನರು ತಾತಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ವಿಜ್ಞಾನಮಂದಿರದಲ್ಲಿ ವಿಮಾನಶಾಸ್ತ್ರ ವಿಭಾಗದ ಕಟ್ಟಡವನ್ನೂ ಭೋಜನಶಾಲೆ ಮತ್ತು ಸಭಾಂಗಣವನ್ನೂ ಇವರು ರಚಿಸಿದರು. ಜಮ್‌ಷೆಡ್‌ಪುರದ ವಿಸ್ತರಣೆಗೂ, ಒರಿಸ್ಸಾದ ಹೊಸ ರಾಜಧಾನಿ ಭುವನೇಶ್ವರಕ್ಕೂ ಯೋಜನೆ ಹಾಕಿದರು. ಬರ್ಲಿನ್ನಿನಲ್ಲಿ ಬಿಸಿಲನ್ನು ಮನೆಯೊಳಕ್ಕೆ ಕರೆಯುವುದು ಶಿಲ್ಪಿಯ ಚಿಂತೆ. ಇಲ್ಲಿ ಅದನ್ನು ಹೊರಗಿರಿಸಿ ಗಾಳಿಯನ್ನು ಕರೆಯುವುದು. ಕಲಿತ ವಿದ್ಯೆಯನ್ನು ತಲೆಕೆಳಗು ಮಾಡಿಕೊಳ್ಳಬೇಕಾಯಿತು.

1948ರಲ್ಲಿ ಇವರು ಭಾರತ ಸರಕಾರದ ವಸತಿ ನಿರ್ದೇಶಕರಾದರು. ದೇಶವಿಭಜನೆಯಿಂದ ಮನೆ ಕಳೆದುಕೊಂಡವರಿಗೆ ಆಶ್ರಯ ಕಲ್ಪಿಸುವ ಹೊಣೆ, ಹಿಂದೆ ಮನೆ ಕಳೆದುಕೊಂಡವರ ಮೇಲೆಯೇ ಬಿದ್ದಿತು. ಕಾರ್ಖಾನೆಯಲ್ಲಿ ಗೋಡೆಗಳನ್ನು ಎರಕಹೊಯ್ದು ಮನೆ ಜೋಡಿಸುವ ಯತ್ನ ದೆಹಲಿಯಲ್ಲಿ ವಿಫಲವಾಯಿತು. 1951ರಲ್ಲಿ ಲಂಡನ್ನಿಗೆ ತೆರಳಿದರು. ಸೋಲು ಅವರನ್ನು ಕುಗ್ಗಿಸಲಿಲ್ಲ. ಉಷ್ಣವಲಯದ ವಾಸ್ತುವಿದ್ಯೆಯನ್ನು ಅಲ್ಲಿ ಅನೇಕ ದೇಶಗಳ ವಿದ್ಯಾರ್ಥಿಗಳಿಗೆ ಕಲಿಸಿದರು. ಇತರರೊಡನೆ ಬರೆದ ಆ ವಿಷಯದ ಕೈಪಿಡಿ ಬಹುಕಾಲ ಪಠ್ಯವಾಯಿತು. 1999ರಲ್ಲಿ ತೀರಿಕೊಂಡರು.

ಒಂದು ರಾಜ್ಯ ಹುಟ್ಟನ್ನು ನೋಡಿ ವಿದ್ವಾಂಸನನ್ನು ಓಡಿಸಿತು. ಇನ್ನೊಂದು ವಿದ್ಯೆಯನ್ನು ನೋಡಿ ಕೆಲಸ ಕೊಟ್ಟಿತು. ನಷ್ಟ ಯಾರಿಗೆ, ಲಾಭ ಯಾರಿಗೆ ಎಂಬುದನ್ನು ಚರಿತ್ರೆಯೇ ಹೇಳುತ್ತದೆ. ನಮ್ಮ ಲಾಭವಾದರೋ ಇನ್ನೂ ಪೂರ್ತಿಯಾಗಿಲ್ಲ. ನಂದಿಯ ಬುಡದ ಊರುಗಳಲ್ಲಿಯೂ ಇಂದು ಗಾಜಿನ ಗೋಡೆಗಳೇಳುತ್ತಿವೆ. ಒಳಗಿನ ಸೆಕೆಗೆ ಯಂತ್ರ ಇಡುತ್ತಿದ್ದೇವೆ. ಪರದೇಶಿಯೊಬ್ಬರು ನಮ್ಮ ಬಿಸಿಲಿನಲ್ಲಿ ನಿಂತು ಕಲಿತ ಪಾಠವನ್ನು, ಜಗಲಿಯಲ್ಲಿ ಬೆಳೆದ ನಾವು ಮರೆಯುವುದು ಉಚಿತವಲ್ಲ.